ರಾಕ್ಷಸನಿಗೂ ಒಂದು ಭವಾವಳಿ: ಘಟಪ್ರಭೆಯ ಸೀಮೆಯಿಂದ ಕೆಲವು ಟಿಪ್ಪಣಿಗಳು

ಮಗಧದ ಅರಸ ಶ್ರೇಣಿಕನಿಗೆ ಒಂದು ಸಂದೇಹ. ಲೋಕದಲ್ಲಿ ಹೇಳಿಕೊಂಡು ಬಂದ ರಾಮಕಥೆಯಲ್ಲಿ ರಾವಣ ಮೊದಲಾದವರು ಮಾಂಸಭಕ್ಷಕರಾದ ರಾಕ್ಷಸರು. ಕುಂಭಕರ್ಣನು ಆರು ತಿಂಗಳು ನಿದ್ರಿಸುವವನು. ಅಂಥ ಬಲಶಾಲಿಗಳನ್ನು ಕಪಿಗಳು ಗೆದ್ದವು. ಇದನ್ನು ನಂಬುವುದು ಹೇಗೆ? ಅರಸನು ಈ ಪ್ರಶ್ನೆಯನ್ನು ಗೌತಮ ಗಣಧರರ ಮುಂದಿಡುತ್ತಾನೆ. ಗಣಧರರ ಉತ್ತರವೇ ವಿಮಲಸೂರಿಯ ಪ್ರಾಕೃತ ಕಾವ್ಯ ‘ಪಉಮಚರಿಯ’ವಾಗಿ ಬೆಳೆಯುತ್ತದೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ರಚಿತವಾದ ಈ ಕಾವ್ಯದಿಂದ ಜೈನ ರಾಮಾಯಣಗಳ ದೀರ್ಘ ಪರಂಪರೆಯೊಂದು ಹೊರಟಿತು. ಆ ಪರಂಪರೆಯ ಮೊದಲ ಪ್ರಶ್ನೆ ನಾಯಕನನ್ನು ಕುರಿತದ್ದಲ್ಲ, ರಾಕ್ಷಸನನ್ನು ಕುರಿತದ್ದು ಎಂಬುದು ಗಮನಾರ್ಹ.

ಇದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಸಾಹಿತ್ಯದ ವಿದ್ಯಾರ್ಥಿಗಳು ನಿರೀಕ್ಷಿಸದ ಒಂದು ಎಡೆಯಲ್ಲಿ ಮತ್ತೆ ತಲೆದೋರಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಕೆಲವರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಾನೆ. ದಾಳ ಉರುಳಿಸಿ ಫಲವನ್ನು ತಿಳಿಯುತ್ತಾರೆ. ಈ ಆಟಕ್ಕಾಗಿ 1977ರಲ್ಲಿ ಬಂದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ 350ಕ್ಕೂ ಹೆಚ್ಚು ವಿಕೃತಜೀವಿಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡಿತು. ಅವುಗಳಲ್ಲಿ ‘ರಾಕ್ಷಸ’ನೂ ಒಬ್ಬ. ಹುಲಿಯ ಮುಖ, ನಿಲುವಂಗಿ, ಕೈಯಲ್ಲಿ ಹೊಗೆಕೊಳವೆ. ಭಾರತದಲ್ಲಿ ಮೊದಲು ಕಾಣಿಸಿಕೊಂಡ, ನರಮಾಂಸವನ್ನು ಬಯಸುವ, ಮಾಯಾವಿಯಾದ ದುಷ್ಟಶಕ್ತಿ ಎಂಬ ವಿವರಣೆ. ಅವನ ಬಲವೆಷ್ಟು, ಯಾವ ಆಯುಧದಿಂದ ಸಾಯುತ್ತಾನೆ ಎಂಬುದೆಲ್ಲ ಅಲ್ಲಿದೆ. ಏಕೆ ಹಾಗಾದನೆಂಬುದಿಲ್ಲ. ಶ್ರೇಣಿಕನನ್ನು ಕಾಡಿದ ರಾಕ್ಷಸನೇ ಹಡಗು ದಾಟಿ ಹೋಗಿ ಪಟ್ಟಿಯೊಂದರಲ್ಲಿ ನೆಲೆಸಿದ್ದ.

ಆಟ ಬೆಳೆದಂತೆ ಆಡುವವರಿಗೆ ಈ ಪಟ್ಟಿ ಸಾಲದಾಯಿತು. ಕೊಲ್ಲುವುದಕ್ಕೆಂದೇ ಇರುವ ಜೀವಿಯ ಎದುರು ಆಟಗಾರನಿಗೆ ಒಂದೇ ದಾರಿ. ಕಾಯಬೇಕಾದ ಮರಿಗಳಿರುವ, ಮುರಿದ ಒಪ್ಪಂದದ ನೋವಿರುವ, ಮತ್ತೊಬ್ಬನ ಭಯವಿರುವ ಜೀವಿಯ ಎದುರು ಹೋರಾಟ, ಸಂಧಾನ, ಹಿಂತೆಗೆತ ಎಂಬ ಹಲವು ದಾರಿಗಳು. ಆದ್ದರಿಂದ ವಿಕೃತಜೀವಿಗೆ ಪೂರ್ವವೃತ್ತಾಂತವನ್ನೂ ಉದ್ದೇಶವನ್ನೂ ಕಲ್ಪಿಸುವುದು ಸೂತ್ರಧಾರನ ಮುಖ್ಯ ವಿದ್ಯೆಯಾಯಿತು. ಆ ವಿದ್ಯೆಯನ್ನು ಶತಮಾನಗಳ ಕಾಲ ಅಭ್ಯಾಸ ಮಾಡಿದ ಸೀಮೆಯೊಂದು ಕನ್ನಡ ನಾಡಿನಲ್ಲಿದೆ. ಘಟಪ್ರಭೆ ಹುಕ್ಕೇರಿ ತಾಲೂಕಿನಲ್ಲಿ ಹರಿದು, ಗೋಕಾಕದಲ್ಲಿ ಜಲಪಾತವಾಗಿ ಧುಮುಕಿ, ಮೂಡಲಗಿಯ ಬಯಲನ್ನು ತೋಯಿಸಿ ಮುಧೋಳದತ್ತ ಸಾಗುವ ಸೀಮೆ ಅದು.

ಈ ನೆಲವು ಸವದತ್ತಿಯ ರಟ್ಟರು ಆಳಿದ ಕೂಂಡಿ ಮೂರುಸಾಸಿರದ ಭಾಗ. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಕಲ್ಲೋಳಿಯಲ್ಲಿ 1204ರ ಶಾಸನವೊಂದಿದೆ. ಶಾಸನದಲ್ಲಿ ಈ ಊರಿನ ಹೆಸರು ಸಿಂದನ ಕಲ್ಪೊಳೆ. ಅಲ್ಲಿ ಶಾಂತಿನಾಥ ಜಿನಾಲಯ ನಿರ್ಮಾಣಗೊಂಡುದನ್ನೂ ರಟ್ಟ ನಾಲ್ವಡಿ ಕಾರ್ತವೀರ್ಯನ ಆಳ್ವಿಕೆಯಲ್ಲಿ ಅದಕ್ಕೆ ದತ್ತಿ ಸಂದುದನ್ನೂ ಅದು ದಾಖಲಿಸುತ್ತದೆ. ಇದೇ ಕಾರ್ತವೀರ್ಯನ ಆಶ್ರಯದಲ್ಲಿದ್ದವನು ಪಾರ್ಶ್ವಪಂಡಿತ. ಅವನ ಕೃತಿ ‘ಪಾರ್ಶ್ವನಾಥ ಪುರಾಣ’. ಪ್ರತಿನಾಯಕನ ದ್ವೇಷಕ್ಕೆ ಕಾರಣವನ್ನು ಹುಡುಕುವ ಕಥೆಗಳಲ್ಲಿ ಪಾರ್ಶ್ವಕಥೆಗೆ ಸಮನಾದುದು ಭಾರತೀಯ ಸಾಹಿತ್ಯದಲ್ಲಿ ವಿರಳ. ಕಲ್ಲೋಳಿಯ ಬಸದಿಗೆ ದತ್ತಿ ಸಂದ ಕಾಲಕ್ಕೂ ರಟ್ಟರ ಆಸ್ಥಾನದಲ್ಲಿ ಈ ಕಥೆ ಕನ್ನಡ ಚಂಪುವಾಗಿ ಮೂಡಿದ ಕಾಲಕ್ಕೂ ನಡುವೆ ಒಂದು ತಲೆಮಾರಿನಷ್ಟೂ ಅಂತರವಿಲ್ಲ.

ಗುಣಭದ್ರಾಚಾರ್ಯರ ‘ಉತ್ತರಪುರಾಣ’ದ ಪರಂಪರೆಯಂತೆ ಕಥೆಯ ಮೂಲ ಪೌದನಪುರದಲ್ಲಿದೆ. ಅರವಿಂದ ರಾಜನ ಮಂತ್ರಿಗೆ ಇಬ್ಬರು ಮಕ್ಕಳು, ಕಮಠ ಮತ್ತು ಮರುಭೂತಿ. ತಮ್ಮನ ಹೆಂಡತಿ ವಸುಂಧರಿಯ ಮೇಲಿನ ಮೋಹದಿಂದ ಕಮಠನು ಕೆಡುತ್ತಾನೆ. ಕೊನೆಗೆ ತಮ್ಮನನ್ನೇ ಕೊಲ್ಲುತ್ತಾನೆ. ಇಲ್ಲಿಗೆ ಒಂದು ಜನ್ಮದ ಕಥೆ ಮುಗಿದರೂ ವೈರ ಮುಗಿಯುವುದಿಲ್ಲ. ಮರುಭೂತಿ ಆನೆಯಾಗಿ ಹುಟ್ಟಿದರೆ ಕಮಠ ಕುಕ್ಕುಟಸರ್ಪವಾಗಿ ಬಂದು ಕಚ್ಚುತ್ತಾನೆ. ತಮ್ಮನ ಜೀವ ಮುನಿಯಾದಾಗ ಅಣ್ಣನ ಜೀವ ಹೆಬ್ಬಾವಾಗಿ ಎದುರಾಗುತ್ತದೆ. ಮತ್ತೊಂದು ಭವದಲ್ಲಿ ಕುರಂಗನೆಂಬ ಬೇಡನಾಗಿ, ಇನ್ನೊಂದರಲ್ಲಿ ಸಿಂಹವಾಗಿ ಬರುತ್ತದೆ. ಕೊನೆಗೆ ಮರುಭೂತಿಯ ಜೀವ ವಾರಾಣಸಿಯಲ್ಲಿ ಪಾರ್ಶ್ವನಾಗಿ ಜನಿಸುತ್ತದೆ. ಕಮಠನ ಜೀವ ಮೊದಲು ಪಂಚಾಗ್ನಿಯ ನಡುವೆ ಕುಳಿತ ತಾಪಸನಾಗಿ, ಬಳಿಕ ಶಂಬರನೆಂಬ ದೇವನಾಗಿ, ಧ್ಯಾನಸ್ಥ ಪಾರ್ಶ್ವನ ಮೇಲೆ ಏಳು ದಿನ ಮಳೆಗಾಳಿಗಳ ಉಪಸರ್ಗವನ್ನು ಎಸಗುತ್ತದೆ. ಧರಣೇಂದ್ರ ಪದ್ಮಾವತಿಯರು ಹೆಡೆಯೆತ್ತಿ ಕಾಯುವ ದೃಶ್ಯ ನಾಡಿನ ಬಸದಿಗಳಲ್ಲೆಲ್ಲ ಶಿಲ್ಪವಾಗಿ ನಿಂತಿದೆ.

ಇಲ್ಲಿಯ ಕಥನಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಮೊದಲ ಭವದಲ್ಲಿ ಕಮಠನ ದ್ವೇಷಕ್ಕೆ ಸ್ಪಷ್ಟ ಕಾರಣವಿದೆ: ಮೋಹ, ಅವಮಾನ, ಗಡೀಪಾರು. ಆದರೆ ಸರ್ಪಕ್ಕಾಗಲಿ ಸಿಂಹಕ್ಕಾಗಲಿ ಆ ಕಾರಣದ ನೆನಪಿಲ್ಲ. ನೆನಪು ಅಳಿದಿದೆ, ದ್ವೇಷ ಮಾತ್ರ ಉಳಿದಿದೆ. ಮೃಗಕ್ಕೆ ತಿಳಿಯದ ಕಾರಣ ಓದುಗನಿಗೆ ತಿಳಿದಿದೆ. ಹೀಗಾಗಿ ಸಿಂಹವು ಮುನಿಯ ಮೇಲೆ ಎರಗುವಾಗ ಓದುಗನಲ್ಲಿ ಭಯದೊಡನೆ ಮರುಕವೂ ಹುಟ್ಟುತ್ತದೆ. ವಿಕೃತಜೀವಿಯೆಂದರೆ ಕಾರಣವನ್ನು ಮರೆತು ಕೋಪವನ್ನು ಮಾತ್ರ ಹೊತ್ತು ತಿರುಗುವ ಜೀವ ಎಂಬ ವ್ಯಾಖ್ಯೆಯನ್ನು ಈ ಭವಾವಳಿ ಕಟ್ಟಿಕೊಡುತ್ತದೆ.

ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಇದನ್ನು ಇನ್ನೊಂದು ದಿಕ್ಕಿಗೆ ಒಯ್ದರು. ಅವರ ‘ಪಾರ್ಶ್ವಾಭ್ಯುದಯ’ವು ಕಾಳಿದಾಸನ ‘ಮೇಘದೂತ’ದ ಪಾದಗಳನ್ನೆಲ್ಲ ತನ್ನೊಳಗೆ ಅಳವಡಿಸಿಕೊಂಡ ಸಮಸ್ಯಾಪೂರಣ ಕಾವ್ಯ. ವಿರಹಿಯಾದ ಯಕ್ಷನಿಗೆ ಸೇರಿದ್ದ ನುಡಿಗಳು ಪಾರ್ಶ್ವನನ್ನು ಪೀಡಿಸಲು ಬಂದ ಶಂಬರನ ಪ್ರಸಂಗದೊಳಕ್ಕೆ ಬರುತ್ತವೆ. ಪೀಡಕನ ಸುತ್ತ ಗರ್ಜನೆಯ ಬದಲು ಅಗಲಿಕೆಯ ಭಾಷೆ ಹಬ್ಬುತ್ತದೆ. ಅವನ ದ್ವೇಷದ ಬುಡದಲ್ಲಿರುವುದು ಕೆಟ್ಟುಹೋದ ಪ್ರೇಮವೆಂಬುದನ್ನು ಕಾವ್ಯರೂಪವೇ ನೆನಪಿಸುತ್ತದೆ.

ಶ್ರೇಣಿಕನ ಪ್ರಶ್ನೆಗೆ ಜೈನ ರಾಮಾಯಣಗಳು ಕೊಡುವ ಉತ್ತರ ಬೇರೆ ಬಗೆಯದು. ಅಲ್ಲಿ ರಾಕ್ಷಸ ಎಂಬುದು ಜೀವಜಾತಿಯಲ್ಲ, ವಂಶದ ಹೆಸರು. ರಾವಣನು ವಿದ್ಯಾಧರ, ಕಂಠಹಾರದ ಒಂಬತ್ತು ರತ್ನಗಳಲ್ಲಿ ಅವನ ಮುಖ ಪ್ರತಿಫಲಿಸಿದ್ದರಿಂದ ದಶಮುಖನೆನಿಸಿದವನು. ವಾನರರು ಕಪಿಧ್ವಜದ ವಿದ್ಯಾಧರರು. ಹೀಗೆ ವಿಕಾರವನ್ನು ಕಳಚಿದ ಮೇಲೆ ಉಳಿಯುವುದು ಒಬ್ಬ ಮನುಷ್ಯ ಮತ್ತು ಅವನ ಒಂದು ದೌರ್ಬಲ್ಯ. ನಾಗಚಂದ್ರನು ‘ರಾಮಚಂದ್ರಚರಿತ ಪುರಾಣ’ದಲ್ಲಿ ಈ ದೌರ್ಬಲ್ಯವನ್ನೇ ಕೆತ್ತಿದ್ದಾನೆ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ರಾವಣನಿಗಿದೆ. ಸೀತೆಯನ್ನು ಕದ್ದೊಯ್ದ ಮೇಲೂ ಅದನ್ನು ಮುರಿಯುವುದಿಲ್ಲ. ತನ್ನ ಬೆದರಿಕೆಯ ನುಡಿಗೆ ಸೀತೆ ಮೂರ್ಛೆಹೋದುದನ್ನು ಕಂಡು ಅವನ ಮನಸ್ಸು ತಿರುಗುತ್ತದೆ, ಪಶ್ಚಾತ್ತಾಪ ಮೂಡುತ್ತದೆ. ಆದರೆ ಒಡನೆಯೇ ಒಪ್ಪಿಸಿದರೆ ಅಂಜಿದನೆಂದು ಲೋಕ ಆಡಿಕೊಂಡೀತು. ರಾಮಲಕ್ಷ್ಮಣರನ್ನು ಗೆದ್ದು ಬಳಿಕ ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಆ ನಿಶ್ಚಯವೇ ಅವನನ್ನು ಲಕ್ಷ್ಮಣನ ಕೈಯಲ್ಲಿ ಸಾವಿಗೆ ಒಯ್ಯುತ್ತದೆ. ಅವನನ್ನು ಕೊಂದದ್ದು ಕಾಮವಲ್ಲ. ಕಾಮವನ್ನು ಗೆದ್ದ ಮೇಲೂ ಉಳಿದ ಮಾನ.

ಘಟಪ್ರಭೆಯ ಕೆಳದಂಡೆಯ ಮುಧೋಳ ರನ್ನನ ಊರು. ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ‘ಸಾಹಸಭೀಮವಿಜಯ’ದಲ್ಲಿ ದುರ್ಯೋಧನನು ಕೇವಲ ಕೆಡುಕನಾಗಿ ಉಳಿದಿದ್ದರೆ ಕವಿಗೆ ಕೆಲಸ ಸುಲಭವಾಗುತ್ತಿತ್ತು. ರನ್ನನು ಹಾಗೆ ಮಾಡಲಿಲ್ಲ. ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ದುರ್ಯೋಧನನು ಶತ್ರುಪುತ್ರ ಅಭಿಮನ್ಯುವಿನ ಶವದ ಎದುರು ನಿಂತು ಅವನ ಶೌರ್ಯವನ್ನು ಮೆಚ್ಚುತ್ತಾನೆ, ಅಂಥದೇ ಸಾವನ್ನು ಬಯಸುತ್ತಾನೆ. ಕರ್ಣನ ಶವದ ಎದುರು ಗೆಳೆಯನಾಗಿ ಅಳುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ‘ಗದಾಯುದ್ಧ ನಾಟಕಂ’ ಅನ್ನು ಗ್ರೀಕ್ ದುರಂತ ನಾಟಕದ ಅಚ್ಚಿನಲ್ಲಿ ಕಟ್ಟಲು ಸಾಧ್ಯವಾದುದಕ್ಕೆ ಮೂಲದಲ್ಲಿಯೇ ಇದ್ದ ಈ ಘನತೆ ಕಾರಣ.

ಕಾವ್ಯದಿಂದ ಬಯಲಿಗೆ ಬಂದರೂ ಈ ನಡೆ ಮಾಯವಾಗುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆ ಬಯಲಾಟದ ನೆಲ. ಕುಲಗೋಡ ತಮ್ಮಣ್ಣನಿಂದ ಕೌಜಲಗಿ ನಿಂಗಮ್ಮನವರೆಗೆ ಶ್ರೀಕೃಷ್ಣ ಪಾರಿಜಾತದ ಕೀರ್ತಿ ಇಲ್ಲಿಂದಲೇ ಹಬ್ಬಿತು. ದೊಡ್ಡಾಟದ ರಂಗದಲ್ಲಿ ಒಂದು ನಿಯಮವಿದೆ. ದೇವನಿರಲಿ ದೈತ್ಯನಿರಲಿ, ರಂಗಕ್ಕೆ ಬಂದವನು ಸಾರಥಿಯ ಪ್ರಶ್ನೆಗೆ ಉತ್ತರಿಸಬೇಕು: ಯಾರು, ಯಾವ ವಂಶ, ಯಾವ ಪಟ್ಟಣ, ಬಂದ ಕಾರ್ಯವೇನು. ಭುಜಕೀರ್ತಿ ಕಿರೀಟಗಳನ್ನು ಧರಿಸಿ ಹಲಗೆ ನಡುಗುವಂತೆ ಕುಣಿದ ರಕ್ಕಸನೂ ನಿಂತು ತನ್ನ ವೃತ್ತಾಂತವನ್ನು ಹೇಳುತ್ತಾನೆ. ಅಷ್ಟು ಹೊತ್ತು ಅವನು ಹೊಡೆಯಬೇಕಾದವನಲ್ಲ, ಕೇಳಬೇಕಾದವನು. ಮೇಜಿನಾಟದ ಸೂತ್ರಧಾರನು ಪ್ರಯತ್ನಪೂರ್ವಕವಾಗಿ ಕಲಿಯುವುದನ್ನು ಸಾರಥಿಯ ಈ ಪ್ರಶ್ನೆ ರೂಢಿಯಿಂದಲೇ ಸಾಧಿಸುತ್ತದೆ.

ಪೂರ್ವವೃತ್ತಾಂತವನ್ನು ಹೇಳುವುದೆಂದರೆ ತಪ್ಪನ್ನು ಮನ್ನಿಸುವುದೇ ಎಂಬ ಆಕ್ಷೇಪ ಏಳುವುದು ಸಹಜ. ಜೈನ ಕಥನದ ಉತ್ತರ ಖಚಿತವಾಗಿದೆ. ಕಮಠನು ತನ್ನ ಕೊಲೆಗಳಿಗಾಗಿ ಮತ್ತೆ ಮತ್ತೆ ನರಕವನ್ನು ಅನುಭವಿಸುತ್ತಾನೆ. ರಾವಣನಿಗೂ ನರಕ ತಪ್ಪುವುದಿಲ್ಲ. ಕಾರಣವನ್ನು ವಿವರಿಸಿದ ಮಾತ್ರಕ್ಕೆ ಫಲ ಕರಗುವುದಿಲ್ಲ. ಆದರೆ ಕಾರಣವುಳ್ಳದ್ದು ಕಾರಣ ತೀರಿದಾಗ ಕೊನೆಗೊಳ್ಳಲೇಬೇಕು. ಪಾರ್ಶ್ವನಿಗೆ ಕೇವಲಜ್ಞಾನ ಉದಿಸಿದಾಗ ಶಂಬರನು ಶಾಂತನಾಗಿ ಸಮ್ಯಕ್ತ್ವವನ್ನು ಪಡೆಯುತ್ತಾನೆ. ರಾವಣನ ಜೀವ ಮುಂದೊಂದು ಕಾಲಕ್ಕೆ ತೀರ್ಥಂಕರನಾಗುತ್ತದೆಂದು ಪುರಾಣಗಳು ಹೇಳುತ್ತವೆ. ಮೇಜಿನಾಟದ ಪೂರ್ವವೃತ್ತಾಂತ ಬಹುಮಟ್ಟಿಗೆ ವಿಕೃತಜೀವಿಗೆ ಒಂದು ಭೂತಕಾಲವನ್ನು ಕೊಡುತ್ತದೆ. ಭವಾವಳಿಯಾದರೋ ಭವಿಷ್ಯವನ್ನೂ ಕೊಡುತ್ತದೆ. ಮೊದಲನೆಯದರಲ್ಲಿ ಕಾರಣವು ಆಟಗಾರನ ಆಯ್ಕೆಗೆ ನೆರವಾಗುತ್ತದೆ, ಎರಡನೆಯದರಲ್ಲಿ ಆ ಜೀವದ ಬಿಡುಗಡೆಗೇ ದಾರಿಯಾಗುತ್ತದೆ.

ಈ ಪರಂಪರೆಯೂ ಪ್ರಶ್ನಾತೀತವಲ್ಲ. ಕಮಠನ ವೈರಕ್ಕೆ ಒಂದು ಭವದಲ್ಲಿ ಮನುಷ್ಯದೇಹ ಬೇಕಾದಾಗ ಪುರಾಣ ಆರಿಸಿಕೊಂಡದ್ದು ಕಾಡಿನ ಬೇಡನ ದೇಹವನ್ನು. ರಾವಣನನ್ನು ರಾಕ್ಷಸಪಟ್ಟದಿಂದ ಇಳಿಸಿದ ಮನಸ್ಸು ಕುರಂಗನ ಕುಲದ ವಿಷಯದಲ್ಲಿ ಅಷ್ಟು ಉದಾರವಾಗಲಿಲ್ಲ. ಇದೇ ತೊಡಕನ್ನು ಆಟದ ಪ್ರಕಾಶಕರೂ ಎದುರಿಸಬೇಕಾಯಿತು. ‘ಓರ್ಕ್’, ‘ಡ್ರಾವ್’ ಎಂಬ ಕಲ್ಪಿತ ಕುಲಗಳನ್ನು ಹುಟ್ಟಿನಿಂದಲೇ ದುಷ್ಟರೆಂದು ಚಿತ್ರಿಸುವ ರೀತಿ ನೈಜ ಜನಾಂಗಗಳ ನಿಂದೆಯನ್ನು ಹೋಲುತ್ತದೆಂಬ ಟೀಕೆಯ ಬಳಿಕ, ಆ ಕುಲಗಳನ್ನು ಇತರರಷ್ಟೇ ಸಂಕೀರ್ಣವಾಗಿ ಚಿತ್ರಿಸುವುದಾಗಿ ಅವರು 2020ರಲ್ಲಿ ಪ್ರಕಟಿಸಿದರು. ಯಾರಿಗೆ ವೃತ್ತಾಂತವನ್ನು ಕೊಡಲಾಯಿತು, ಯಾರನ್ನು ಕೇವಲ ವೇಷವಾಗಿ ಬಳಸಲಾಯಿತು ಎಂಬ ವಿಂಗಡಣೆಯಲ್ಲಿ ಆಯಾ ಸಮಾಜದ ಅಂಜಿಕೆಗಳೂ ತಾತ್ಸಾರಗಳೂ ಅಡಗಿರುತ್ತವೆ.

ಆದ್ದರಿಂದ ಪುರಾಣಗಳ ಭವಾವಳಿಯನ್ನು ಕಥೆಯ ವೇಗಕ್ಕೆ ತಡೆಯೆಂದು ದಾಟಿಹೋಗುವ ಓದು ಅಪೂರ್ಣ. ಕಾವ್ಯ ತನ್ನ ರಾಕ್ಷಸರಿಗೆ ನ್ಯಾಯ ಸಲ್ಲಿಸುವ ಎಡೆ ಅದೇ. ರಟ್ಟರ ನಾಡಿನ ಚಂಪುವಿನಿಂದ ಕುಲಗೋಡ, ಕೌಜಲಗಿಗಳ ಬಯಲಾಟದವರೆಗೆ ಪ್ರತಿನಾಯಕನಿಗೆ ಯಾವ ಪ್ರಶ್ನೆಗಳನ್ನು ಕೇಳಲಾಗಿದೆ, ಯಾರನ್ನು ಕೇಳದೆಯೇ ಬಿಡಲಾಗಿದೆ ಎಂಬುದನ್ನು ಒಂದೆಡೆ ಇಟ್ಟು ನೋಡುವ ಅಧ್ಯಯನವೊಂದು ಕನ್ನಡದಲ್ಲಿ ನಡೆಯುವುದು ಅವಶ್ಯ. ಶ್ರೇಣಿಕನು ರಾಕ್ಷಸರ ವಿಷಯದಲ್ಲಿ ಎತ್ತಿದ ಸಂದೇಹವನ್ನು ಕುರಂಗನ ವಿಷಯದಲ್ಲಿಯೂ ಎತ್ತುವುದು ಆ ಅಧ್ಯಯನದ ಮೊದಲ ಹೆಜ್ಜೆಯಾದೀತು.