ಗಾಮಾ ಕಿರಣವೂ ಎಲೆಕ್ಟ್ರಾನಿನ ಜಾಡೂ

ಗಾಮಾ ಕಿರಣವು ಸಾಮಾನ್ಯವಾದ ಮಸೂರಕ್ಕಾಗಲಿ ಕನ್ನಡಿಗಾಗಲಿ ವಶವಾಗುವುದಲ್ಲ. ಆದುದರಿಂದ, ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವಂತೆ, ಅದು ಬಿಟ್ಟುಹೋದ ಲಿಂಗಗಳಿಂದ ಅದು ಬಂದ ದಿಕ್ಕನ್ನು ಅನುಮಾನಿಸಬೇಕಾಗುವುದು. ಈ ಲಿಂಗಗಳು ಎರಡು: ಚದುರಿದ ಕಿರಣವೊಂದು, ಅದರ ಪೆಟ್ಟಿನಿಂದ ಸಿಡಿದ ಎಲೆಕ್ಟ್ರಾನು ಮತ್ತೊಂದು. ಎಲೆಕ್ಟ್ರಾನಿನ ಸಾಕ್ಷ್ಯವು ಮೊದಲು ಮಾನ್ಯವಾಗಿದ್ದು, ನಡುವೆ ಉಪೇಕ್ಷಿತವಾಗಿ, ಮತ್ತೆ ಆದರಣೀಯವಾದ ಬಗೆಯು ವಿಚಾರಾರ್ಹವಾಗಿದೆ.

೧೯೨೩ರಲ್ಲಿ ಅಮೆರಿಕದ ಆರ್ಥರ್ ಕಾಂಪ್ಟನ್ ಮಹಾಶಯರು, ಎಕ್ಸ್-ಕಿರಣವು ಎಲೆಕ್ಟ್ರಾನಿಗೆ ತಗುಲಿ ಚದುರುವಾಗ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅದಕ್ಕೆ ಕೊಡುವುದೆಂದೂ, ಹೀಗೆ ಕಳೆದ ಶಕ್ತಿಗೂ ಕಿರಣವು ತಿರುಗಿದ ಕೋನಕ್ಕೂ ನಿಯತವಾದ ಸಂಬಂಧವಿರುವುದೆಂದೂ ಪ್ರತಿಪಾದಿಸಿದರು. ಮರುವರ್ಷ ಬೋರ್, ಕ್ರಾಮರ್ಸ್, ಸ್ಲೇಟರ್ ಎಂಬ ಮೂವರು, ಶಕ್ತಿಯ ಲೆಕ್ಕವು ಅನೇಕ ಘಟನೆಗಳ ಸರಾಸರಿಯಲ್ಲಿ ಮಾತ್ರ ಹೊಂದುವುದೇ ಹೊರತು ಒಂದೊಂದರಲ್ಲಿಯೂ ಹೊಂದಬೇಕಾದುದಿಲ್ಲವೆಂದು ಪೂರ್ವಪಕ್ಷವನ್ನು ಎತ್ತಿದರು. ಶಕ್ತಿಯು ನಾಶವಾಗದೆಂಬ ಮೂಲಸಿದ್ಧಾಂತವೇ ಸಂದೇಹಕ್ಕೊಳಗಾಯಿತು.

೧೯೨೫ರಲ್ಲಿ ಎರಡು ಪ್ರಯೋಗಗಳು ಈ ಪಕ್ಷವನ್ನು ಖಂಡಿಸಿದವು. ಜರ್ಮನಿಯ ಬೋಥೆ ಮತ್ತು ಗೈಗರ್ ಇವರು, ಚದುರಿದ ಕಿರಣವೂ ಎಲೆಕ್ಟ್ರಾನೂ ಏಕಕಾಲದಲ್ಲಿಯೇ ಹೊರಡುವುದನ್ನು ತೋರಿಸಿದರು. ಕಾಂಪ್ಟನ್ ಮತ್ತು ಸೈಮನ್ ಇವರು, ಕಣದ ದಾರಿಯು ನೀರಹನಿಗಳ ಸಾಲಾಗಿ ತೋರುವ ವಿಲ್ಸನ್ನರ ಮೇಘಕೋಷ್ಠದಲ್ಲಿ ಎಲೆಕ್ಟ್ರಾನಿನ ಜಾಡನ್ನು ಚಿತ್ರಿಸಿ, ಎರಡರ ದಿಕ್ಕುಗಳೂ ಲೆಕ್ಕಕ್ಕೆ ಹೊಂದುವುದನ್ನು ಕಂಡರು. ಕಾಲೈಕ್ಯ, ಜಾಡು ಎಂಬೀ ಎರಡು ಪ್ರಮಾಣಗಳಿಂದ ಸಿದ್ಧಾಂತವು ಸ್ಥಿರವಾಯಿತು. ೧೯೨೭ರ ನೊಬೆಲ್ ಬಹುಮಾನವು ಕಾಂಪ್ಟನ್, ವಿಲ್ಸನ್ ಇಬ್ಬರಿಗೂ ಹಂಚಿಕೆಯಾಯಿತು.

ಇದೇ ತತ್ತ್ವವು ಮುಂದೆ ಆಕಾಶವೀಕ್ಷಣೆಗೆ ಉಪಕರಿಸಿತು. ೧೯೯೧ರಿಂದ ೨೦೦೦ದವರೆಗೆ ಕಾಂಪ್ಟನ್ನರ ಹೆಸರಿನ ಉಪಗ್ರಹದಲ್ಲಿದ್ದ ಕಾಂಪ್ಟೆಲ್ ದೂರದರ್ಶಕವು, ಮೇಲಣ ಶೋಧಕದಲ್ಲಿ ಚದುರಿದ ಕಿರಣವನ್ನು ಕೆಳಗಣ ಶೋಧಕದಲ್ಲಿ ಹಿಡಿದು, ಎರಡು ಘಟನೆಗಳ ನಡುವಣ ಕಾಲವನ್ನೂ ಅಳೆಯುತ್ತಿತ್ತು. ಎಲೆಕ್ಟ್ರಾನಿನ ಶಕ್ತಿಯನ್ನು ಅಳೆದರೂ ಅದರ ಜಾಡನ್ನು ಅದು ಹಿಡಿಯಲಿಲ್ಲ. ಅದರ ಫಲವೇನೆಂದರೆ, ಕೋನವು ತಿಳಿದರೂ ದಿಕ್ಕು ತಿಳಿಯದು. ಆಕಾಶದಲ್ಲಿ ಒಂದು ಬಳೆಯನ್ನು ಬರೆದು, ಕಿರಣವು ಅದರ ಮೇಲೆ ಎಲ್ಲಿಂದಲಾದರೂ ಬಂದಿರಬಹುದೆನ್ನಬೇಕು. ಅನೇಕ ಬಳೆಗಳು ಕೂಡಿದೆಡೆಯೇ ಮೂಲಸ್ಥಾನ. ಮೂಲವು ಕ್ಷೀಣವಾಗಿದ್ದರೆ ನಿರ್ಣಯವು ಕಷ್ಟ. ಎಲೆಕ್ಟ್ರಾನು ಹೊರಟ ದಿಕ್ಕು ತಿಳಿದರೆ ಬಳೆಯು ಒಂದು ಸಣ್ಣ ತುಂಡಾಗಿ ಉಳಿಯುವುದು.

ಆದರೆ ಘನಪದಾರ್ಥದಲ್ಲಿ ಜಾಡನ್ನು ಹಿಡಿಯುವುದು ಸುಲಭವಲ್ಲ. ೧೦ ಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಎಲೆಕ್ಟ್ರಾನು ಸಿಲಿಕಾನಿನಲ್ಲಿ ಸುಮಾರು ೨ ಮಿಲಿಮೀಟರಿನೊಳಗೆ ಅಂಕುಡೊಂಕಾಗಿ ಹರಿದು ನಿಲ್ಲುವುದು. ೨೦೧೧ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು, ಖಗೋಳಜ್ಞರ ಕ್ಯಾಮರಾಗಳಲ್ಲಿ ಬಳಕೆಯಾಗುವ ಸಿ.ಸಿ.ಡಿ. ಎಂಬ ಸಿಲಿಕಾನ್ ಅರೆವಾಹಕ ಫಲಕದಲ್ಲಿ ಇಂಥ ಜಾಡುಗಳನ್ನು ಬಿಡಿಸಿ ತೋರಿಸಿದರು. ಅದರ ಒಂದೊಂದು ಮನೆಯೂ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು. ಎಲೆಕ್ಟ್ರಾನು ನಿಲ್ಲುವೆಡೆಯಲ್ಲಿ ಹೆಚ್ಚು ಶಕ್ತಿಯನ್ನು ಸುರಿಯುವುದರಿಂದ ಜಾಡಿನ ಕೊನೆಯು ದಟ್ಟವಾಗಿಯೂ ಮೊದಲು ತೆಳುವಾಗಿಯೂ ಇರುವುದು. ತೆಳುವಾದ ತುದಿಯಿಂದ ಮೊದಲ ದಿಕ್ಕನ್ನು ಗ್ರಹಿಸಬಹುದು.

ಇಲ್ಲಿಯೂ ಒಂದು ಕೊರತೆಯುಂಟು. ಸಿ.ಸಿ.ಡಿ. ಫಲಕವನ್ನು ಓದುವ ಕ್ರಮವು ನಿಧಾನವಾದುದು. ಆದುದರಿಂದ ಯಾವ ಎಲೆಕ್ಟ್ರಾನಿಗೆ ಯಾವ ಚದುರಿದ ಕಿರಣವು ಜೊತೆಯೆಂಬುದು ಸಂದಿಗ್ಧವಾಗುವುದು. ಕಾಂಪ್ಟೆಲ್‌ಗೆ ಕಾಲವಿದ್ದು ಜಾಡಿರಲಿಲ್ಲ. ಇದಕ್ಕೆ ಜಾಡಿದ್ದು ಕಾಲವಿಲ್ಲ. ೧೯೨೫ರಲ್ಲಿ ಎರಡು ಬೇರೆ ಪ್ರಯೋಗಶಾಲೆಗಳು ಬೇರೆಬೇರೆಯಾಗಿ ಸಾಧಿಸಿದ ಪ್ರಮಾಣದ್ವಯವನ್ನು ಒಂದೇ ಶೋಧಕದಲ್ಲಿ ಕೂಡಿಸುವುದೇ ಈ ಶಾಸ್ತ್ರದ ಮುಂದಿರುವ ಕಾರ್ಯವೆಂದು ಇದರಿಂದ ಸಿದ್ಧವಾಗುತ್ತದೆ.