ಕ್ಷಯ ಪತ್ತೆಗೆ ರಕ್ತವಲ್ಲ, ಕಫ ಪರೀಕ್ಷೆ ಮಾಡಿಸಿ

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಕ್ಷಯದ (ಟಿ.ಬಿ.) ಲಕ್ಷಣಗಳು. ಲವ್‌ಡೇಲ್, ಉದಕಮಂಡಲದಂಥ ಚಳಿಯ ಊರುಗಳಲ್ಲಿ ಇದನ್ನು ಶೀತದ ಕೆಮ್ಮೆಂದು ಸುಮ್ಮನಿರಬೇಡಿ.

ಪ್ರತಿಕಾಯ ಪರೀಕ್ಷೆ: ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು (ಐಜಿಜಿ, ಐಜಿಎಂ) ರಕ್ತದಲ್ಲಿ ಹುಡುಕುವ ವಿಧಾನವಿದು. ಹಿಂದೆಂದೋ ತಗುಲಿದ ಸೋಂಕಿನಿಂದಲೂ ‘ಪಾಸಿಟಿವ್’ ಬರಬಹುದು. ಆಗ ರೋಗವಿಲ್ಲದವರು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾರೆ. ರೋಗವಿದ್ದವರಿಗೆ ‘ನೆಗೆಟಿವ್’ ಬಂದರೆ ಚಿಕಿತ್ಸೆ ತಡವಾಗಿ ಮನೆಮಂದಿಗೂ ಹರಡುತ್ತದೆ. ಇದನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. ಭಾರತ ಸರ್ಕಾರ 2012ರ ಜೂನ್‌ನಲ್ಲಿ ಇದರ ಆಮದು, ತಯಾರಿಕೆ, ಮಾರಾಟವನ್ನು ನಿಷೇಧಿಸಿತು.

ಇಗ್ರಾ: ಇದೂ ರಕ್ತ ಪರೀಕ್ಷೆಯೇ, ಆದರೆ ಪ್ರತಿಕಾಯದ್ದಲ್ಲ, ಇದಕ್ಕೆ ನಿಷೇಧವಿಲ್ಲ. ಸೋಂಕು ತಗುಲಿದೆಯೇ ಎಂದು ತಿಳಿಸುತ್ತದೆ, ಈಗ ಕಾಯಿಲೆ ಇದೆಯೇ ಎಂದು ಹೇಳಲಾರದು.

ಕಫ ಪರೀಕ್ಷೆ: ಶ್ವಾಸಕೋಶದ ಕ್ಷಯಕ್ಕೆ ಇದೇ ಆಧಾರ. ಸಿಬಿನಾಟ್ ಮತ್ತು ಟ್ರೂನಾಟ್ ಯಂತ್ರಗಳು ಕಫದಲ್ಲಿ ರೋಗಾಣುವನ್ನೇ ಗುರುತಿಸುತ್ತವೆ. ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನೂ ತಿಳಿಸಬಲ್ಲವು. ಟ್ರೂನಾಟ್ ತಂತ್ರಜ್ಞಾನ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಎಂಜಲು ಸಾಲದು, ಎದೆಯಾಳದಿಂದ ಕೆಮ್ಮಿದ ಕಫವನ್ನೇ ಕೊಡಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಲವ್‌ಡೇಲ್‌ನವರಿಗೆ ಉದಕಮಂಡಲ ಹತ್ತಿರ. ಪ್ರತಿಕಾಯ ವರದಿ ಕೈಯಲ್ಲಿದ್ದರೆ ಅದನ್ನು ನಂಬಿ ಮಾತ್ರೆ ಶುರು ಮಾಡಬೇಡಿ, ಧೈರ್ಯವಾಗಿಯೂ ಇರಬೇಡಿ. ವೈದ್ಯರಲ್ಲಿ ಕಫ ಪರೀಕ್ಷೆ ಕೇಳಿ. ನಿಕ್ಷಯ್ ಉಚಿತ ಸಹಾಯವಾಣಿ: 1800-11-6666.