ರೆಪ್ಪೆಗೂದಲಿಗೆ ಹಚ್ಚಿದ ಕಪ್ಪು

ನಾನು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ವಯರು, ಬ್ರೇಕರು, ಡಿಬಿ ಬಿಟ್ಟು ಇವನ್ಯಾಕೆ ಹೆಂಗಸರ ಕಣ್ಣಿನ ರೆಪ್ಪೆ ಬಗ್ಗೆ ಬರೀತಿದ್ದಾನೆ ಅಂತ ನೀವು ನಗಬಹುದು. ನಗಿ, ಬೇಜಾರಿಲ್ಲ. ಆದರೆ ರಜೆಗೆ ಊರಿಗೆ ಹೊರಡೋ ಮುಂಚೆ ಫೋನಿನಲ್ಲಿ ಪಟ್ಟಿ ಹಿಡಕೊಂಡು ಅಂಗಡಿ ಅಂಗಡಿ ತಿರುಗದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ. ಅತ್ತಿಗೆಗೆ ಕಾಜಲ್, ಅಕ್ಕನ ಮಗುವಿಗೆ ಸುರ್ಮಾ, ತಂಗಿಗೆ ಮಸ್ಕಾರ. ನನ್ನ ತಂಗಿಗೆ ಹುಟ್ಟಿನಿಂದಲೇ ರೆಪ್ಪೆಗೂದಲು ಉದ್ದ. ಮಸ್ಕಾರ ಹಚ್ಚಿದರೆ ಕೂದಲು ಕನ್ನಡಕದ ಗಾಜಿಗೆ ಬಡಿದು ಕಪ್ಪು ಗೆರೆ ಬೀಳುತ್ತೆ ಅಂತ ಅವಳ ದೂರು. ಅವಳಿಗೆ ಯಾವುದು ಒಳ್ಳೇದು ಅಂತ ಓದಲು ಕೂತವನು ಈಜಿಪ್ಟಿನ ಫೇರೋಗಳ ಕಾಲದವರೆಗೂ ಹೋದೆ. ಸಿಕ್ಕಿದ್ದರಲ್ಲಿ ನಮ್ಮಂಥವರಿಗೆ ಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ.

ರೆಪ್ಪೆಗೂದಲು ಯಾಕಿದೆ ಅನ್ನೋದು ಗಲ್ಫ್‌ನಲ್ಲಿ ಸೈಟ್ ಕೆಲಸ ಮಾಡಿದವನಿಗೆ ಹೇಳಿಕೊಡಬೇಕಾಗಿಲ್ಲ. ಮರಳು ಗಾಳಿ ಎದ್ದ ದಿನ ಗೊತ್ತಾಗುತ್ತೆ. ಒಂಟೆಗೆ ಎರಡು ಸಾಲು ಉದ್ದನೆಯ ರೆಪ್ಪೆಗೂದಲು ಕೊಟ್ಟಿರೋದು ಅದಕ್ಕೇ. ಅಮೆರಿಕದ ಜಾರ್ಜಿಯಾ ಟೆಕ್‌ನ ವಿಜ್ಞಾನಿಗಳು 22 ಬಗೆಯ ಪ್ರಾಣಿಗಳ ರೆಪ್ಪೆಗೂದಲು ಅಳೆದು, ನಕಲಿ ಕಣ್ಣು ಮಾಡಿ ಗಾಳಿ ಬಿಟ್ಟು ನೋಡಿ, 2015ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹೆಚ್ಚು ಕಡಿಮೆ ಎಲ್ಲ ಪ್ರಾಣಿಗಳಲ್ಲೂ ರೆಪ್ಪೆಗೂದಲಿನ ಉದ್ದ ಕಣ್ಣಿನ ಅಗಲದ ಮೂರನೇ ಒಂದು ಭಾಗ. ಅಷ್ಟಿದ್ದರೆ ಕಣ್ಣಿನ ಮೇಲೆ ಬರೋ ಗಾಳಿ ತಗ್ಗುತ್ತೆ, ಕಣ್ಣು ಒಣಗೋದು, ಧೂಳು ಕೂರೋದು ಅರ್ಧದವರೆಗೂ ಕಡಿಮೆಯಾಗುತ್ತೆ. ಅದಕ್ಕಿಂತ ತುಂಬಾ ಉದ್ದವಾದರೆ ಉಲ್ಟಾ. ಎಸಿ ಡಕ್ಟಿನ ಹಾಗೆ ಗಾಳಿಯನ್ನು ಕಣ್ಣಿನ ಒಳಕ್ಕೇ ತಂದು ಬಿಡುತ್ತೆ. ಅಂಟಿಸಿಕೊಳ್ಳೋ ಉದ್ದುದ್ದ ನಕಲಿ ರೆಪ್ಪೆ ಹಾಕಿಕೊಂಡವರ ಕಣ್ಣು ಯಾಕೆ ಬೇಗ ಒಣಗುತ್ತೆ ಅಂತ ಇದನ್ನು ಓದಿದ ಮೇಲೆ ನನಗೆ ಅಂದಾಜಾಯಿತು.

ಈ ಕೂದಲಿಗೆ ಕಪ್ಪು ಹಚ್ಚೋ ಚಾಳಿ ಎಷ್ಟು ಹಳೆಯದು ಅನ್ನೋದಕ್ಕೆ ಪದಗಳೇ ಸಾಕ್ಷಿ. ಅರಬ್ಬರು ಕುಹ್ಲ್ ಅಂತಾರೆ. ಅದಕ್ಕೆ ‘ಅಲ್’ ಸೇರಿ ಅಲ್-ಕುಹ್ಲ್ ಆಗಿ, ನಯವಾದ ಪುಡಿ ಅನ್ನೋ ಅರ್ಥದಲ್ಲಿ ಯುರೋಪಿಗೆ ಹೋಗಿ, ಅಲ್ಲಿ ಅರ್ಥ ಬದಲಾಗುತ್ತಾ ಬದಲಾಗುತ್ತಾ ಕೊನೆಗೆ ಆಲ್ಕೋಹಾಲ್ ಆಯಿತು! ಕಣ್ಣಿಗೆ ಹಚ್ಚೋದರ ಹೆಸರು ಬಾಟಲಿಗೆ ಬಂತು. ಪಾರ್ಸಿ, ಉರ್ದುವಿನಲ್ಲಿ ಸುರ್ಮಾ, ಸಂಸ್ಕೃತದಲ್ಲಿ ಅಂಜನ, ಕಜ್ಜಲ. ನಮ್ಮಲ್ಲಿ ಕಾಡಿಗೆ, ಕಣ್ಕಪ್ಪು; ನಮ್ಮ ಹಾವೇರಿ ಕಡೆ ಬಾಯಲ್ಲಿ ಕಾಡಿಗಿ.

ಹೆಸರು ಹತ್ತಿದ್ದರೂ ವಸ್ತು ಎರಡೇ ಜಾತಿ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತೆ. ಒಂದು ಮಸಿ, ಇನ್ನೊಂದು ಕಲ್ಲು.

ಮಸಿ ನಮ್ಮ ಮನೆಯದು. ಅವ್ವ ಹರಳೆಣ್ಣೆ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ರಾತ್ರಿ ಬಿಡೋಳು. ಬೆಳಗ್ಗೆ ತಟ್ಟೆಗೆ ಹತ್ತಿದ ಮಸಿ ಕೆರೆದು, ಒಂದು ಹನಿ ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿ ಡಬ್ಬಿಗೆ ತುಂಬೋಳು. ಕೆಲವು ಮನೆಗಳಲ್ಲಿ ದೀಪದ ಬತ್ತಿಯನ್ನು ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸೋ ಪದ್ಧತಿಯೂ ಇದೆ. ಈ ಮಸಿ ಅಂದರೆ ಬಹುಪಾಲು ಇಂಗಾಲ, ಕಾರ್ಬನ್. ಇಲ್ಲಿ ಒಮಾನಿನಲ್ಲೂ ಲೋಬಾನ ಸುಟ್ಟು ಅದರ ಮಸಿ ಹಿಡಿದು ಕಣ್ಣಿಗೆ ಹಚ್ಚೋ ರೂಢಿ ಇತ್ತು.

ಕಲ್ಲಿನ ಜಾತಿ ಬೇರೆ. ಮಸ್ಕತ್ತಿನ ಮತ್ರಾ ಸೂಕಿಗೆ ಹೋದವರು ಲೋಬಾನದ ಪಕ್ಕದಲ್ಲೇ ಸಣ್ಣ ಬೆಳ್ಳಿಯ ಕುಹ್ಲ್ ಡಬ್ಬಿ, ಅದರೊಳಗಿನ ಕಡ್ಡಿ ನೋಡಿರುತ್ತೀರಿ. ಅದಕ್ಕೆ ತುಂಬೋ ಪುಡಿಯನ್ನು ಇತ್‌ಮಿದ್ ಕಲ್ಲಿನದು ಅಂತ ಕೊಡ್ತಾರೆ. ಪುಸ್ತಕದ ಪ್ರಕಾರ ಇತ್‌ಮಿದ್ ಅಂದರೆ ಆಂಟಿಮನಿ ಅನ್ನೋ ಲೋಹದ ಅದಿರು. ಆದರೆ ಬಹಳ ಕಡೆ ಆ ಹೆಸರಿನಲ್ಲಿ ಕೈಗೆ ಬರೋದು ಗೆಲೀನಾ. ಗೆಲೀನಾ ಅಂದರೆ ಸೀಸದ ಅದಿರು, ಲೆಡ್ ಸಲ್ಫೈಡ್. ಹೊಳೆಯುತ್ತೆ, ಚೌಕ ಚೌಕ ಒಡೆಯುತ್ತೆ, ಕೈಗೆ ತಗೊಂಡರೆ ಗಾತ್ರಕ್ಕೆ ಮೀರಿದ ಭಾರ.

ಈ ಕಲ್ಲಿಗೂ ನನ್ನ ಕಸುಬಿಗೂ ಸಂಬಂಧ ಇದೆ ಅಂತ ಗೊತ್ತಾದಾಗ ಖುಷಿಯಾಯಿತು. ನಮ್ಮ ಜಗದೀಶ ಚಂದ್ರ ಬೋಸರು ರೇಡಿಯೋ ಅಲೆ ಹಿಡಿಯೋಕೆ ಇದೇ ಗೆಲೀನಾ ಬಳಸಿ ಒಂದು ಡಿಟೆಕ್ಟರ್ ಮಾಡಿದರು. 1901ರಲ್ಲಿ ಅರ್ಜಿ, 1904ರಲ್ಲಿ ಅಮೆರಿಕದ ಪೇಟೆಂಟ್. ಆಮೇಲೆ ಬಂದ ಕ್ರಿಸ್ಟಲ್ ರೇಡಿಯೋಗಳಲ್ಲಿ ಇದೇ ಕಲ್ಲಿನ ಮೇಲೆ ಸಣ್ಣ ತಂತಿ ತಾಗಿಸಿ ಹಾಡು ಕೇಳುತ್ತಿದ್ದರು. ಇವತ್ತಿನ ಡಯೋಡಿನ ಅಜ್ಜ ಅನ್ನಬಹುದು.

ಈಜಿಪ್ಟಿನವರು ಕೆಂಪು ಸಮುದ್ರದ ದಂಡೆಯ ಗೆಬೆಲ್ ಝೈತ್‌ನಲ್ಲಿ ಗೆಲೀನಾ ಅಗೆಯುತ್ತಿದ್ದರು. ಮೊದಮೊದಲು ಮ್ಯಾಲಕೈಟ್ ಕಲ್ಲಿನ ಹಸಿರು, ಆಮೇಲೆ ಗೆಲೀನಾದ ಕಪ್ಪು. ಗಂಡಸು ಹೆಂಗಸು ಭೇದ ಇರಲಿಲ್ಲ, ಎಲ್ಲರೂ ಹಚ್ಚುತ್ತಿದ್ದರು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರೋ ಹಳೆಯ ಡಬ್ಬಿಗಳಲ್ಲಿ ಉಳಿದ ಪುಡಿಯನ್ನು ಫ್ರೆಂಚ್ ವಿಜ್ಞಾನಿಗಳು ಪರೀಕ್ಷೆ ಮಾಡಿ 1999ರಲ್ಲಿ ಹೇಳಿದ್ದು ಆಶ್ಚರ್ಯದ್ದು. ಅದರಲ್ಲಿ ಗೆಲೀನಾ ಅಷ್ಟೇ ಅಲ್ಲ, ನಿಸರ್ಗದಲ್ಲಿ ಸುಲಭವಾಗಿ ಸಿಗದ ಬಿಳಿ ಸೀಸದ ಲವಣಗಳೂ ಇದ್ದವು. ಅಂದರೆ ಅವರು ಅದನ್ನು ಉಪ್ಪು ನೀರಿನಲ್ಲಿ ದಿನಗಟ್ಟಲೆ ಕಲಸಿ ಬೇಕಂತಲೇ ತಯಾರು ಮಾಡುತ್ತಿದ್ದರು, ಕಣ್ಣಿನ ಔಷಧಿ ಅಂತ. ಕಡಿಮೆ ಪ್ರಮಾಣದ ಆ ಲವಣ ಸೋಂಕಿನ ವಿರುದ್ಧ ಮೈಯನ್ನು ಎಚ್ಚರಿಸಿರಬಹುದು ಅಂತ 2010ರಲ್ಲಿ ಇನ್ನೊಂದು ಲೇಖನ ಬಂತು. ಈ ಸುದ್ದಿ ಹಿಡಿದು ಈಗ ಕೆಲವರು ‘ನೋಡಿ, ಸೀಸದ ಸುರ್ಮಾ ಒಳ್ಳೇದು’ ಅಂತಾರೆ. ನನಗೆ ಒಪ್ಪಿಗೆ ಇಲ್ಲ. ನೈಲ್ ನದಿಯ ಪ್ರವಾಹದ ಕಾಲದಲ್ಲಿ, ಬೇರೆ ಔಷಧಿ ಇಲ್ಲದ ಜನ ಮಾಡಿದ ಲೆಕ್ಕ ಅದು.

ಯಾಕಂದ್ರೆ ಸೀಸ ನಮಗೆ ಗೊತ್ತಿರೋ ವಸ್ತು. ಹಳೇ ಕೇಬಲ್ಲಿನ ಸೀಸದ ಕವಚ, ಬ್ಯಾಟರಿ ಪ್ಲೇಟು, ಸೋಲ್ಡರ್, ಇವೆಲ್ಲ ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು ಅಂತ ಮೊದಲ ದಿನವೇ ಹೇಳಿಕೊಡ್ತಾರೆ. ಮಗು ಕಣ್ಣುಜ್ಜಿದ ಕೈಯನ್ನು ಬಾಯಿಗೆ ಇಟ್ಟುಕೊಳ್ಳುತ್ತೆ. ಅಲ್ಲಿಂದ ಸೀಸ ರಕ್ತಕ್ಕೆ ಹೋಗುತ್ತೆ, ಬೆಳೆಯೋ ಮಿದುಳಿಗೆ ಪೆಟ್ಟು. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನೋ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಪುಡಿಯಾದ ಮೇಲೆ ಮಸಿಯೂ ಕಪ್ಪು, ಆಂಟಿಮನಿಯೂ ಕಪ್ಪು, ಸೀಸವೂ ಕಪ್ಪು. ಕಣ್ಣಿನಲ್ಲಿ ನೋಡಿ ಹೇಳಕ್ಕಾಗಲ್ಲ. ಡಬ್ಬಿ ಮೇಲೆ ಏನೇನು ಹಾಕಿದ್ದಾರೆ ಅಂತ ಬರೆಯದ ಸುರ್ಮಾವನ್ನು ನಾನು ಊರಿಗೆ ಒಯ್ಯುವುದಿಲ್ಲ. ಮಗುವಿಗೆ ದೃಷ್ಟಿ ಆಗಬಾರದು ಅಂದರೆ ಕೆನ್ನೆಗೋ ಪಾದಕ್ಕೋ ಮನೆಯ ಮಸಿಯ ಒಂದು ಬೊಟ್ಟು ಸಾಕು, ಕಣ್ಣೊಳಗೆ ಬೇಡ.

ಕಣ್ಣಂಚು ಬಿಟ್ಟು ಕೂದಲಿಗೆ ಮಾತ್ರ ಹಚ್ಚೋ ಮಸ್ಕಾರದ ಕತೆ ಹತ್ತಿರದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನಲ್ಲಿ ಯೂಜೀನ್ ರಿಮೆಲ್ ಅನ್ನೋ ಫ್ರೆಂಚ್ ಮೂಲದ ಸುಗಂಧ ವ್ಯಾಪಾರಿ ಇದ್ದ. ಅವನ ಮಾಲು ಎಷ್ಟು ಹೆಸರಾಯಿತು ಅಂದರೆ ಪಾರ್ಸಿ, ಟರ್ಕಿ ಭಾಷೆಗಳಲ್ಲಿ ಇವತ್ತಿಗೂ ಮಸ್ಕಾರಕ್ಕೆ ರಿಮೆಲ್ ಅಂತಲೇ ಹೆಸರು. ನಾಟಕದ ನಟಿಯರದು ಇನ್ನೂ ಒರಟು ಪದ್ಧತಿ. ಮೇಣದಂಥ ಬಣ್ಣವನ್ನು ಮೋಂಬತ್ತಿ ಮೇಲೆ ಕರಗಿಸಿ, ಕಡ್ಡಿಯಲ್ಲಿ ಒಂದೊಂದು ರೆಪ್ಪೆಗೂದಲಿನ ತುದಿಗೂ ಮಣಿಯ ಹಾಗೆ ಕೂರಿಸೋದು. ಬಿಸಿ ಮೇಣ, ಕಣ್ಣಿನ ಹತ್ತಿರ!

ಅಮೆರಿಕದಲ್ಲಿ ಟಾಮ್ ಲೈಲ್ ವಿಲಿಯಮ್ಸ್ ಅನ್ನೋ ಯುವಕನ ಅಕ್ಕ ಮೇಬಲ್ ವ್ಯಾಸಲೀನಿಗೆ ಕರಿಪುಡಿ ಕಲಸಿ ರೆಪ್ಪೆಗೆ ಹಚ್ಚುತ್ತಿದ್ದಳು. ಅದನ್ನು ನೋಡಿ ಅವನು 1915ರಲ್ಲಿ ಷಿಕಾಗೋದಲ್ಲಿ ವ್ಯಾಪಾರ ಶುರು ಮಾಡಿದ, ಅಂಚೆಯಲ್ಲಿ ಕಳಿಸೋ ವ್ಯಾಪಾರ. ಮೇಬಲ್ ಮತ್ತು ವ್ಯಾಸಲೀನ್ ಸೇರಿ ಮೇಬಲೀನ್ ಅಂತ ಹೆಸರು. 1917ರ ಅವನ ಮಸ್ಕಾರ ಸೋಪಿನ ಬಿಲ್ಲೆಯ ಹಾಗಿತ್ತು, ಬ್ರಷ್ ಒದ್ದೆ ಮಾಡಿ ಉಜ್ಜಬೇಕು. ನೀರು ಸಿಗದಿದ್ದರೆ ಹೆಂಗಸರು ಉಗುಳಿ ಒದ್ದೆ ಮಾಡಿಕೊಳ್ಳುತ್ತಿದ್ದರು.

ಇದಕ್ಕೆ ಜೋರು ಗಿರಾಕಿ ತಂದಿದ್ದು ಸಿನಿಮಾ. ಆಗಿನ ಫಿಲಂ ನೀಲಿ ಬಣ್ಣವನ್ನು ಬೆಳ್ಳಗೆ ಹಿಡಿಯುತ್ತಿತ್ತು. ಹಾಗಾಗಿ ನೀಲಿ ಕಣ್ಣಿನ ನಟಿಯರ ಕಣ್ಣು ಪರದೆ ಮೇಲೆ ಖಾಲಿ ತೂತಿನ ಹಾಗೆ ಕಾಣೋದು. ಸುತ್ತ ಕಪ್ಪು ಹಚ್ಚಿದರೆ ಮಾತ್ರ ಕಣ್ಣು ಅನ್ನಿಸೋದು. ಸ್ಟುಡಿಯೋದಲ್ಲಿ ಇದ್ದದ್ದು ಕಾರ್ಬನ್ ಆರ್ಕ್ ದೀಪಗಳು. ಅದರ ಬೆಳಕಿಗೆ ನಟರ ಕಣ್ಣು ಕೆಂಪಾಗಿ ಉರಿದು ನೀರು ಸುರಿಯುತ್ತಿತ್ತು, ಕ್ಲೀಗ್ ಐ ಅಂತ ಅದಕ್ಕೊಂದು ಹೆಸರೇ ಇತ್ತು. ಕನ್ನಡಕ ಇಲ್ಲದೆ ವೆಲ್ಡಿಂಗ್ ನೋಡಿದವರಿಗೆ ಆ ರಾತ್ರಿಯ ಉರಿ ಹೇಗಿರುತ್ತೆ ಅಂತ ವಿವರಿಸಬೇಕಾಗಿಲ್ಲ.

ಕೊಳವೆಯೊಳಗೆ ಕಡ್ಡಿ ಇರೋ ಇವತ್ತಿನ ರೂಪ ಹೆಲೆನಾ ರೂಬಿನ್‌ಸ್ಟೈನ್ ಕಂಪನಿಯದು. 1957ರ ಮಸ್ಕಾರ-ಮ್ಯಾಟಿಕ್‌ನಲ್ಲಿ ಇದ್ದದ್ದು ಬ್ರಷ್ ಅಲ್ಲ, ಗೆರೆ ಕೊರೆದ ಲೋಹದ ಕಡ್ಡಿ. ಬ್ರಷ್ ಆಮೇಲೆ ಬಂತು. ಸಲಕರಣೆ ಬದಲಾದ ಹಾಗೆ ಹಚ್ಚೋ ಕೈಯೂ ಬದಲಾಯಿತು. ತಂಗಿಯಂಥ ಉದ್ದ ರೆಪ್ಪೆಯವರು ಉದ್ದ ಮಾಡೋ ಮಸ್ಕಾರ ತಗೊಳ್ಳೋದೇ ದಂಡ ಅಂತ ನನ್ನ ಅಭಿಪ್ರಾಯ. ಬ್ರಷ್ಷಿನ ಹೆಚ್ಚಿನ ಬಣ್ಣ ಕಾಗದಕ್ಕೆ ಒರೆಸಿ, ಬುಡದಿಂದ ತುದಿಗೆ ಒಂದೇ ಸಲ ತೆಳ್ಳಗೆ ಎಳೆದರೆ ಸಾಕು, ತುದಿಗೆ ಭಾರ ಕೊಡಬಾರದು. ಕೂದಲು ಗಾಜಿಗೆ ಬಡಿಯೋರು ಮಸ್ಕಾರಕ್ಕೆ ಮುಂಚೆ ಸಣ್ಣ ಇಕ್ಕಳದಿಂದ ಮೇಲಕ್ಕೆ ಬಾಗಿಸಿಕೊಳ್ಳಬೇಕು. ಹಚ್ಚಿದ ಮೇಲೆ ಒತ್ತಿದರೆ ಕೂದಲು ಅಂಟಿಕೊಂಡು ಕಿತ್ತು ಬರುತ್ತೆ. ರಾತ್ರಿ ತೊಳೆದೇ ಮಲಗಬೇಕು. ಕೊಳವೆ ತೆಗೆದ ಮೂರು ತಿಂಗಳಿಗೆ ಎಸೆಯಬೇಕು, ಒಳಗೆ ಕ್ರಿಮಿ ಬೆಳೆಯುತ್ತೆ. ಒಬ್ಬರದು ಒಬ್ಬರು ಹಚ್ಚಿಕೊಳ್ಳೋ ಅಕ್ಕ ತಂಗಿಯರಿಗೆ ಇದನ್ನು ಹೇಳಿ, ಬೈಸಿಕೊಂಡರೂ ಪರವಾಗಿಲ್ಲ.

ಇಷ್ಟೊತ್ತು ಹೇಳಿದ್ದು ತೊಳೆದರೆ ಹೋಗೋ ಕಪ್ಪು. ತೊಳೆದರೂ ಹೋಗದ ಕಪ್ಪು ಬೇಕು ಅಂತ ಆಸೆ ಬಿದ್ದಾಗ ಆದದ್ದೇ ಅನಾಹುತ. 1930ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಅನ್ನೋ ಡೈ ಬಂತು, ರೆಪ್ಪೆ ಮತ್ತು ಹುಬ್ಬಿಗೆ. ಅದರಲ್ಲಿದ್ದದ್ದು ಪಿಪಿಡಿ, ಅಂದರೆ ಪ್ಯಾರಾ-ಫಿನೈಲಿನ್‌ಡೈಅಮೀನ್. 1933ರಲ್ಲಿ ಓಹಾಯೋದ ಡೇಟನ್ ಊರಿನ ಒಬ್ಬ ಹೆಂಗಸು ಒಂದು ಸಮಾರಂಭಕ್ಕೆ ಹೋಗೋ ಮುಂಚೆ ಬ್ಯೂಟಿ ಪಾರ್ಲರಿನಲ್ಲಿ ಅದನ್ನು ಹಚ್ಚಿಸಿಕೊಂಡಳು. ಕಣ್ಣು ಉರಿಯೋಕೆ ಶುರುವಾಯಿತು, ಬೆಳಗಾಗೋ ಹೊತ್ತಿಗೆ ರೆಪ್ಪೆ ತೆರೆಯಲಾಗದಷ್ಟು ಊದಿತ್ತು. ಕಣ್ಣಿನ ಕರಿಗುಡ್ಡೆಯ ಪೊರೆ ಹುಣ್ಣಾಗಿ ಕೊನೆಗೆ ದೃಷ್ಟಿ ಪೂರ್ತಿ ಹೋಯಿತು. ಅವಳೊಬ್ಬಳೇ ಅಲ್ಲ, ಬೇರೆಯವರ ಕಣ್ಣೂ ಹೋದವು, ಒಬ್ಬಾಕೆ ಸೋಂಕಿನಿಂದ ಸತ್ತೇ ಹೋದಳು.

ಸರ್ಕಾರ ಏನು ಮಾಡಿತು ಅಂದರೆ, ಏನೂ ಮಾಡೋ ಹಾಗಿರಲಿಲ್ಲ. 1906ರ ಅಲ್ಲಿನ ಕಾನೂನು ಆಹಾರ ಮತ್ತು ಔಷಧಿಗೆ ಮಾತ್ರ, ಸೌಂದರ್ಯವರ್ಧಕಕ್ಕೆ ಅಲ್ಲ. ಹೆಂಗಸರ ಅಲಂಕಾರಕ್ಕೆಲ್ಲಾ ಕಾನೂನು ಯಾಕೆ ಅಂತ ಬಿಟ್ಟಿದ್ದರು. ಅಧಿಕಾರಿಗಳ ಕೈಲಿ ಆದದ್ದು ಆ ಹೆಂಗಸಿನ ಮೊದಲಿನ ಫೋಟೋ, ಆಮೇಲಿನ ಫೋಟೋ ಎರಡನ್ನೂ ಒಂದು ಪ್ರದರ್ಶನದಲ್ಲಿ ಗೋಡೆಗೆ ಹಾಕೋದು. ಪತ್ರಕರ್ತರು ಅದಕ್ಕೆ ಭಯಾನಕ ಕೋಣೆ ಅಂತ ಹೆಸರಿಟ್ಟರು. ಕಂಪನಿಗಳು ಐದು ವರ್ಷ ಎಳೆದಾಡಿದ ಮೇಲೆ 1938ರ ಜೂನ್ 25ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊಸ ಕಾನೂನಿಗೆ ಸಹಿ ಹಾಕಿದರು. ಅದರ ಅಡಿಯಲ್ಲಿ ಮೊಟ್ಟಮೊದಲು ಜಪ್ತಿಯಾದ ಮಾಲು ಲ್ಯಾಶ್ ಲ್ಯೂರ್.

ಆದರೆ ಕಾನೂನಿನಲ್ಲಿ ಒಂದು ಕಿಂಡಿ ಬಿಟ್ಟರು. ತಲೆಗೂದಲಿನ ಡೈಗಳಿಗೆ ವಿನಾಯಿತಿ: ಎಚ್ಚರಿಕೆ ಬರೆದರೆ ಮಾರಬಹುದು. ರೆಪ್ಪೆ, ಹುಬ್ಬಿನ ಡೈಗೆ ಆ ವಿನಾಯಿತಿ ಇಲ್ಲ ಅಂತ ಅದೇ ಸಾಲಿನಲ್ಲಿ ಬರೆದರು. ಹಾಗಾಗಿ ಪಿಪಿಡಿ ಎಲ್ಲಿಗೂ ಹೋಗಲಿಲ್ಲ. ಇವತ್ತಿಗೂ ಕಪ್ಪು ಹೇರ್ ಡೈಗಳಲ್ಲಿ ಬಹಳಷ್ಟು ಅದರದ್ದೇ, ಬೇಗ ಕಪ್ಪಾಗೋ ಕರಿ ಮೆಹಂದಿಯಲ್ಲೂ ಅದನ್ನೇ ಬೆರೆಸ್ತಾರೆ. ನಮ್ಮ ದೇಶದಲ್ಲಿ 1940ರ ಔಷಧ ಕಾನೂನಿಗೆ ಸೌಂದರ್ಯವರ್ಧಕ ಸೇರಿದ್ದು 1962ರ ತಿದ್ದುಪಡಿಯಲ್ಲಿ. ಬಣ್ಣಕ್ಕೆ ಸೀಸ ಬಳಸೋ ಹಾಗಿಲ್ಲ, ಹೇರ್ ಡೈ ಮೇಲೆ ಎಚ್ಚರಿಕೆ ಇರಲೇಬೇಕು ಅಂತ ನಿಯಮ ಬಂತು.

ಈಗ ನಮ್ಮ ರೂಮಿಗೆ ಬನ್ನಿ. ರಜೆಗೆ ಹೊರಡೋ ಹಿಂದಿನ ರಾತ್ರಿ ತಲೆ ಮೀಸೆಗೆ ಡೈ ಹಾಕೋದು ನಮ್ಮಲ್ಲಿ ಹಬ್ಬದ ಹಾಗೆ. ಬಟ್ಟಲಲ್ಲಿ ಸ್ವಲ್ಪ ಉಳಿದಿರುತ್ತೆ. ದುಡ್ಡು ಕೊಟ್ಟು ತಂದದ್ದು ದಂಡ ಯಾಕೆ ಅಂತ ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ಹುಬ್ಬಿಗೆ ಒಂದು ಕೈ, ಕೆಲವರು ರೆಪ್ಪೆಗೂ. ಇಷ್ಟು ವರ್ಷ ಏನೂ ಆಗಿಲ್ಲ ಅಂತಾರೆ. ಪಿಪಿಡಿಯ ಅಲರ್ಜಿ ಹತ್ತು ಸಲ ಸುಮ್ಮನಿದ್ದು ಹನ್ನೊಂದನೇ ಸಲ ಎದ್ದು ಕೂರಬಹುದು. ಬಾತ್‌ರೂಮಿನಲ್ಲಿರೋ ಪ್ಯಾಕೆಟ್ ತಿರುಗಿಸಿ ನೋಡಿ. ರೆಪ್ಪೆಗೆ, ಹುಬ್ಬಿಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಅನ್ನೋ ಅರ್ಥದ ಸಾಲು ಸಣ್ಣಕ್ಷರದಲ್ಲಿ ಇರುತ್ತೆ. ಡೇಟನ್ನಿನ ಹೆಂಗಸಿನ ಕಾಲಕ್ಕೆ ಆ ಸಾಲು ಇರಲಿಲ್ಲ. ಅಕಸ್ಮಾತ್ ಡೈ ಕಣ್ಣಿಗೆ ಹಾರಿದರೆ ಉಜ್ಜಬೇಡಿ. ನಲ್ಲಿ ತಿರುಗಿಸಿ, ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಹದಿನೈದು ನಿಮಿಷ ತಣ್ಣೀರು ಬಿಟ್ಟು, ಪ್ಯಾಕೆಟ್ ಕೈಲಿ ಹಿಡಕೊಂಡೇ ಆಸ್ಪತ್ರೆಗೆ ಹೋಗಿ. ಅದರಲ್ಲಿ ಏನಿತ್ತು ಅಂತ ಡಾಕ್ಟರು ಮೊದಲು ಅದನ್ನೇ ಕೇಳೋದು.